ಮೂವತ್ತಾರನೇ ನಿಮಿಷ

ಆನವಟ್ಟಿಯ ಆ ಪಿಯು ಕಾಲೇಜಿನವರು ಪ್ರೊಫೆಸರ್ ಸಣ್ಣಬೀರಪ್ಪನವರನ್ನು ಕರೆಸಿದ್ದು ಎರಡು ಕೆಲಸಕ್ಕೆ. ಮಧ್ಯಾಹ್ನ ಮೂರು ಗಂಟೆಗೆ ಶಾಮಿಯಾನದ ಕೆಳಗೆ ಕೂರಿಸಿ ಶಾಲು ಹೊದಿಸುವುದು ಒಂದು. ಅದಕ್ಕೂ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಬಣ್ಣದ ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದರು. ಎರಡನೆಯದನ್ನು ಕಾರಿಳಿದ ಮೇಲೆ, ಕಾಫಿ ಕೊಡುವಾಗ ಹೇಳಿದರು.

ಸಣ್ಣಬೀರಪ್ಪನವರಿಗೆ ಅರವತ್ತೇಳು. ಶಿಕಾರಿಪುರ ತಾಲ್ಲೂಕಿನವರು, ಅಂಬ್ಲಿಗೊಳದ ಹಿನ್ನೀರಿನ ದಂಡೆಯಲ್ಲಿ ಅಪ್ಪನ ಕುರಿಗಳ ಹಿಂದೆ ಓಡಾಡಿ ಬೆಳೆದವರು. ಶಿರಾಳಕೊಪ್ಪದಲ್ಲಿ ಹೈಸ್ಕೂಲು ಮುಗಿಸಿ, ವಿಮಾನ, ರಾಕೆಟ್ಟುಗಳ ಎಂಜಿನಿಯರಿಂಗ್ ಓದಿ, ಬಾಹ್ಯಾಕಾಶ ಸಂಸ್ಥೆ ಸೇರಿ, ಎಂಜಿನ್ನಿನ ಕವಾಟಗಳನ್ನು ಪರೀಕ್ಷಿಸುವ ಕೆಲಸದಿಂದ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಇಡೀ ಉಪಗ್ರಹ ಯೋಜನೆಯೊಂದರ ಮುಖ್ಯಸ್ಥರಾದರು. ನಿವೃತ್ತಿಯಾದ ಮೇಲೆ ಪ್ರೊಫೆಸರರಾದರು. ಇಷ್ಟನ್ನೇ ಹೇಳಿದ್ದರೆ ಸಾಕಿತ್ತು. ಆದರೆ ಆಮಂತ್ರಣದಲ್ಲಿ ಅವರ ಫೋಟೋದ ಪಕ್ಕ ಒಂದು ಕುರಿಯ ಚಿತ್ರ, ಅದರ ಮೇಲೊಂದು ರಾಕೆಟ್ಟು, ಕೆಳಗೆ ‘ಕುರಿಹಟ್ಟಿಯಿಂದ ಆಕಾಶಕ್ಕೆ’ ಎಂಬ ದಪ್ಪಕ್ಷರ. ಅದನ್ನು ನೋಡಿ ಅವರು ಆಮಂತ್ರಣವನ್ನು ಮಗುಚಿ ಇಟ್ಟರು. ಯಾರ ಮೇಲೆ ರೇಗುವುದು? ಈ ಕುರಿಯನ್ನು ಮುನ್ನೂರು ಭಾಷಣಗಳಲ್ಲಿ ತಾವೇ ಹಗ್ಗ ಹಿಡಿದು ವೇದಿಕೆಗೆ ಎಳೆದು ತಂದವರು. ಚಪ್ಪಾಳೆ ಬೀಳುತ್ತಿತ್ತು. ಕೇಳುವವರಿಗೆ ದೂರದ ಕುರಿ ಬಲು ಇಷ್ಟ.

“ಎಂತ ಸಾರ್, ದಾರಿ ಸುಖ ಆಯ್ತಾ?” ಎಂದು ಕೈಮುಗಿದವರು ಶ್ರೀಕೃಷ್ಣಯ್ಯ. ಸೊರಬದ ಕಡೆಯ ತೋಟವಂತರು, ಕಾಲೇಜನ್ನೂ ಅದರ ಹುಡುಗಿಯರ ಹಾಸ್ಟೆಲನ್ನೂ ನಡೆಸುವ ಟ್ರಸ್ಟಿನ ಅಧ್ಯಕ್ಷರು. “ಒಂದೈದು ನಿಮಿಷದ ಕೆಲಸ ಉಂಟು. ಆ ಬಲೂನಿನ ರಿಪೋರ್ಟು. ನಾವೇ ಟೈಪ್ ಮಾಡಿಸಿ ಇಟ್ಟಿದೀವಿ. ನಿಮಗೆ ತೊಂದರೆ ಯಾಕೆ ಅಂತ.”

ಬಲೂನಿನ ಸಂಗತಿ ಇಷ್ಟು. ರಾಜ್ಯದ ಕಾಲೇಜುಗಳಿಗೆಲ್ಲ ಒಂದು ಸ್ಪರ್ಧೆ: ಹುಡುಗರೇ ಒಂದು ಪೆಟ್ಟಿಗೆ ಕಟ್ಟಬೇಕು, ಅದನ್ನು ದೊಡ್ಡ ಬಲೂನಿಗೆ ತೂಗುಹಾಕಿ ಮೋಡದಾಚೆಗೆ ಬಿಡಬೇಕು, ಪೆಟ್ಟಿಗೆ ಮೇಲಿನಿಂದ ಚಳಿಗಾಳಿಯ ಲೆಕ್ಕವನ್ನು ರೇಡಿಯೋದಲ್ಲಿ ಕಳಿಸಬೇಕು. ಪರಿಣತರ ಸಮಿತಿಗೆ ಸಣ್ಣಬೀರಪ್ಪನವರೇ ಅಧ್ಯಕ್ಷರು. ಚೆನ್ನಾಗಿ ಕಟ್ಟಿದವರಿಗೆ ಅವರ ಸಂಸ್ಥೆಯ ಪ್ರಯೋಗಾಲಯದಲ್ಲಿ ಎರಡು ತಿಂಗಳ ತರಬೇತಿ. ಹಾರಾಟ ಕೆಟ್ಟರೆ, ಯಾಕೆ ಕೆಟ್ಟಿತೆಂದು ಸಮಿತಿ ವರದಿ ಬರೆಯಬೇಕು. ಕಟ್ಟಿದವರ ತಪ್ಪಿಲ್ಲದಿದ್ದರೆ ಹೆಸರು ಉಳಿಯುತ್ತದೆ. ತಪ್ಪಿದ್ದರೆ ಅಳಿಸಿಹೋಗುತ್ತದೆ.

ಈ ಕಾಲೇಜಿನ ಪೆಟ್ಟಿಗೆಯನ್ನು ಕಟ್ಟಿದವಳು ಸುಮಾ, ಎರಡನೇ ಪಿಯುಸಿ, ಅಂಬ್ಲಿಗೊಳದ ಬಳಿಯ ಕುರಿಗಾರರ ಹುಡುಗಿ. ಆನವಟ್ಟಿಯಿಂದ ಹಾರಿದ ಪೆಟ್ಟಿಗೆ ಮೂವತ್ತಾರನೇ ನಿಮಿಷಕ್ಕೆ ಮಾತು ನಿಲ್ಲಿಸಿತು. ಎರಡು ದಿನ ಬಿಟ್ಟು ಶಿರಾಳಕೊಪ್ಪದ ಆಚೆ ಒಂದು ಜೋಳದ ಹೊಲದಲ್ಲಿ ಸಿಕ್ಕಿತು.

ಟೈಪು ಮಾಡಿದ ವರದಿ ಅರ್ಧ ಪುಟ. ಕಾರಣ: ಪೆಟ್ಟಿಗೆಗೆ ಸುತ್ತಿದ್ದ ಕಂಬಳಿಯ ಉಣ್ಣೆಯ ಎಳೆಗಳು ವಿದ್ಯುತ್ ಭಾಗದೊಳಗೆ ಸೇರಿದ್ದು. ಹೊಣೆ: ಕುಮಾರಿ ಸುಮಾ.

“ಪೆಟ್ಟಿಗೆ ತನ್ನಿ,” ಎಂದರು ಸಣ್ಣಬೀರಪ್ಪ.

“ಅದೆಲ್ಲ ಯಾಕೆ ಸಾರ್…”

“ಪೆಟ್ಟಿಗೆ ನೋಡದೆ ನಾನು ಸಹಿ ಹಾಕೋದಿಲ್ಲ. ಹುಡುಗೀನೂ ಕರೀರಿ.”

ಭೌತಶಾಸ್ತ್ರದ ಲೆಕ್ಚರರ್ ಶ್ರೀರಂಜಿನಿ ಪೆಟ್ಟಿಗೆ ತಂದು ಲ್ಯಾಬಿನ ಮೇಜಿನ ಮೇಲಿಟ್ಟಳು. ಆಕೆ ಶ್ರೀಕೃಷ್ಣಯ್ಯನವರ ಸೊಸೆಯೂ ಹೌದು, ಸುಮಾಳ ತಂಡದ ಮಾರ್ಗದರ್ಶಕಿಯೂ ಹೌದು. ಹಿಂದೆಯೇ ಸುಮಾ ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕಡ್ಡಿಯಂಥ ಹುಡುಗಿ, ಕಣ್ಣು ಮಾತ್ರ ಪೆಟ್ಟಿಗೆಯ ಮೇಲೆ.

ಥರ್ಮಾಕೋಲಿನ ಪೆಟ್ಟಿಗೆಗೆ ಕರಿಕಂಬಳಿಯನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದರೆಂದರೆ ಹೊಲದಲ್ಲಿ ಬಿದ್ದು ಉರುಳಿದ್ದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ.

“ಯಾರವ್ವ ಹೊಲಿದಿದ್ದು?”

“ನಮ್ಮವ್ವರಿ ಸಾರ್. ಹಾಲಮ್ಮ ಅಂತ.”

“ಮೇಲೆ ಎಷ್ಟು ಚಳಿ ಇತ್ತು?”

“ಹೊರಗ ಮೈನಸ್ ನಲವತ್ತೊಂದು. ಒಳಗ ಒಂಬತ್ತಕ್ಕಿಂತ ಕೆಳಗ ಇಳಿದಿಲ್ರಿ. ರೇಡಿಯೋದಾಗ ಬಂದ ಲೆಕ್ಕದಾಗ ಐತಿ.” ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. “ಆ ಹಿರೇಕೆರೂರು ಕಾಲೇಜಿನವ್ರದ್ದು ಬರೀ ಥರ್ಮಾಕೋಲು. ಅವ್ರ ಬ್ಯಾಟರಿ ಇಪ್ಪತ್ತನೇ ನಿಮಿಷಕ್ಕ ಮರಗಟ್ಟಿತ್ತು. ನಮ್ದು ಬೆಚ್ಚಗಿತ್ತು ಸಾರ್. ಬೆಚ್ಚಗಿದ್ದು ಸತ್ತದ್ದು ಹೆಂಗ ಅಂತ ನನಗ ತಿಳೀವಲ್ದು. ಒಳಗ ನೋಡ್ತೀನಿ ಅಂದ್ರ ಮುಟ್ಟಗೊಡಲಿಲ್ಲ.”

ಸಣ್ಣಬೀರಪ್ಪನವರಿಗೆ ಆ ಒಂದು ಕ್ಷಣ ಮಾತ್ರ ಖುಷಿಯಾಯಿತು. ಅಂಥ ಪ್ರಶ್ನೆ ಕೇಳುವ ಎಂಜಿನಿಯರುಗಳು ತಮ್ಮ ಇಡೀ ಯೋಜನೆಯಲ್ಲಿ ಹತ್ತು ಮಂದಿ ಇರಲಿಲ್ಲ. ಆಮೇಲೆ ಮುಚ್ಚಳ ತೆಗೆದರು.

ವಾಸನೆ ಮೂಗಿಗೆ ಹೊಡೆಯಿತು. ಬ್ಯಾಟರಿಯ ಕಾಲುಗಳ ಸುತ್ತ ಹಸಿರು ಹುಡಿ ಗಟ್ಟಿಯಾಗಿ ಕೂತಿತ್ತು. ತಾಮ್ರದ ಗೆರೆಯೊಂದನ್ನು ಆ ಹಸಿರು ಅರ್ಧ ತಿಂದು ಬಿಟ್ಟಿತ್ತು. ಉಳಿದರ್ಧ ಹಾರಾಟದ ಕುಲುಕಾಟಕ್ಕೆ ಕಡಿದಿತ್ತು. ಭೂತಗನ್ನಡಿ ಹಿಡಿದು ನೋಡಿದರೂ ಉಣ್ಣೆಯ ಎಳೆ ಒಂದೂ ಇರಲಿಲ್ಲ; ಇದ್ದಿದ್ದರೂ ಉಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲವೆಂದು ಹೈಸ್ಕೂಲಿನ ಹುಡುಗರಿಗೂ ಗೊತ್ತು. ಅವರು ಹುಡಿಯನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು. ಕುರಿ ಉಚ್ಚೆಗೂ ದನದ ಉಚ್ಚೆಗೂ ವ್ಯತ್ಯಾಸ ಗೊತ್ತಿರುವ ಮೂಗು ಅದು.

“ಇದರೊಳಗೆ ಗಂಜಳ ಯಾರು ಸುರಿದರು?”

ಶ್ರೀರಂಜಿನಿ ಕಿಟಕಿಯ ಕಡೆ ನೋಡಿದಳು. ಶ್ರೀಕೃಷ್ಣಯ್ಯನವರು ನಕ್ಕರು.

“ಸುರಿಯೋದೆಂತ ಸಾರ್? ಪ್ರೋಕ್ಷಣೆ. ಹಾರಿಸೋಕೆ ಮುಂಚೆ ಶುಕ್ರವಾರ ಪೂಜೆ ಇಟ್ಟಿದ್ವಲ್ಲ. ನಾಲ್ಕು ಹನಿ.”

“ಮುಚ್ಚಳ ತೆಗೆದಾ?”

“ಒಳಗೆ ಶುದ್ಧ ಆಗದೆ ಹೊರಗೆ ಆಗಿ ಎಂತ ಪ್ರಯೋಜನ?”

“ಹಾರಿಸಿದ್ದು ಮಂಗಳವಾರ. ನಾಲ್ಕು ದಿನ ಆ ಉಪ್ಪು ಬೋರ್ಡಿನ ಮೇಲೆ ಕೂತು ತಾಮ್ರ ತಿಂದಿದೆ. ಅಲ್ರೀ, ಶುದ್ಧ ಮಾಡೋಕೆ ಇದರಲ್ಲಿ ಕೊಳಕೇನಿತ್ತು? ಕಂಬಳಿಯಾ? ಕಂಬಳಿಗೆ ಮೈಲಿಗೆ ಇಲ್ಲ ಅಂತ ನಿಮ್ಮ ಮನೇಲೇ ಹೇಳ್ತಾರೆ. ಮಡಿಗೆ ಹೊದೆಯೋಕೆ ಬೇಕು ಅಂತ ನಿಮ್ಮ ಕಡೆಯವರು ನಮ್ಮ ಹಟ್ಟಿಗೆ ಆಳು ಕಳಿಸ್ತಿದ್ದರು. ನಮ್ಮಪ್ಪ ನೇಯ್ದು ಕೊಡ್ತಿದ್ದ. ಅಂಗಳದ ಆಚೆ ನಿಂತು.”

ಕಂಬಳಿಗೆ ಮಡಿಯುಂಟು, ಅದನ್ನು ನೇಯ್ದ ಕೈಗಿಲ್ಲ. ಇದು ಯಾವ ಭೌತಶಾಸ್ತ್ರವೋ ಸಣ್ಣಬೀರಪ್ಪನವರಿಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ.

“ಛೆ ಛೆ, ಕಂಬಳಿದಲ್ಲ ಮಾರಾಯ್ರೇ ವಿಷಯ.” ಶ್ರೀಕೃಷ್ಣಯ್ಯನವರು ಸುಮಾಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು, ಆದರೆ ಆಕೆಗೆ ಕೇಳಿಸುವಷ್ಟೇ. “ಹೆಣ್ಮಕ್ಕಳ ವಿಷಯ. ಹಾಸ್ಟೆಲಲ್ಲಿ ವಾರ್ಡನ್ ವೀರಮ್ಮ ಪುಸ್ತಕ ಇಟ್ಟಿದಾಳೆ, ಯಾರು ಯಾವತ್ತು ಹೊರಗಾದ್ರು ಅಂತ. ಅಡಿಗೆಮನೆ, ದೇವರಮನೆ ನೋಡ್ಕೋಬೇಕಲ್ಲ. ಈ ಹುಡುಗಿ ಮುಟ್ಟಾಗಿ ಎರಡು ದಿನ ಯಾರಿಗೂ ಹೇಳ್ದೆ ಪೆಟ್ಟಿಗೆನ ತೊಡೆ ಮೇಲಿಟ್ಕೊಂಡು ತಂತಿ ಜೋಡಿಸ್ತಾ ಕೂತಿತ್ತು! ವೀರಮ್ಮಂಗೆ ಗೊತ್ತಾಗಿದ್ದೇ ಗುರುವಾರ. ದೇವರ ಮುಂದೆ ಇಡೋ ವಸ್ತು. ಪುರೋಹಿತರು ಬಿಡ್ತಾರಾ? ಹುಡುಗೀನ ನಾಲ್ಕು ದಿನ ಹಿಂದಿನ ರೂಮಲ್ಲಿ ಕೂರಿಸಿ, ಇದಕ್ಕೆ ಶುದ್ಧಿ ಮಾಡಿಸಿ, ನಮ್ಮ ಶ್ರೀರಂಜಿನಿ ಕೈಯಲ್ಲೇ ಟೇಪ್ ಹಚ್ಚಿ ಸೀಲ್ ಮಾಡಿಸಿದ್ವಿ.”

ಸಣ್ಣಬೀರಪ್ಪನವರಿಗೆ ಮೇಜಿನ ಮೇಲಿದ್ದ ಹಸಿರು ಹುಡಿ ಹೇಸಿಗೆ ಎನಿಸಲಿಲ್ಲ. ಅದು ಪಾಪದ ಹಸುವಿನದು. ಹೇಸಿಗೆಯಾದದ್ದು ಆ ನಗು. ನೂರಿಪ್ಪತ್ತು ಹುಡುಗಿಯರ ರಕ್ತಕ್ಕೆ ಹಾಜರಿ ಪುಸ್ತಕ ಇಟ್ಟವರು, ಅದನ್ನು ತೆರೆದು ಓದಿದ ಗಂಡಸರು, ಅದೇ ಗಂಡಸರು ಇನ್ನರ್ಧ ಗಂಟೆಗೆ ಶಾಮಿಯಾನದಲ್ಲಿ ನಿಂತು ಅಂತರಿಕ್ಷ ಎನ್ನುತ್ತಾರೆ, ವಿಜ್ಞಾನ ಎನ್ನುತ್ತಾರೆ.

“ನಾನು ಇದನ್ನ ಬರೀತೀನಿ,” ಎಂದರು.

“ಬರೀರಿ ಸಾರ್.” ಶ್ರೀಕೃಷ್ಣಯ್ಯನವರು ಆರಾಮಾಗಿ ಕುರ್ಚಿಗೊರಗಿದರು. “ಗಂಜಳ ಅಂತ ಬರದ್ರೆ ಯಾಕೆ ಹಾಕಿದ್ರು ಅಂತ ಕೇಳ್ತಾರೆ. ನಾವು ಹೇಳ್ತೀವಿ. ನಮಗೆಂತ ನಾಚಿಕೆ? ಶಾಸ್ತ್ರ ಅದು. ಹುಡುಗಿ ಹೆಸರು, ತಾರೀಖು ಎಲ್ಲ ರಾಜ್ಯಕ್ಕೇ ಗೊತ್ತಾಗ್ತದೆ. ಪೇಪರಿನವರು ಬೇರೆ ಬಂದಿದಾರೆ. ಉಣ್ಣೆ ಅಂತ ಬರದ್ರೆ ಹುಡುಗಿದು ಒಂದು ತರಬೇತಿ ಹೋಗ್ತದೆ, ಮಾನ ಉಳೀತದೆ. ಮತ್ತೆ ಹಾಸ್ಟೆಲ್ಲು ನಮ್ಮದು ನೋಡಿ. ಪರೀಕ್ಷೆಗೆ ಐದು ವಾರ ಉಂಟು. ದೊಡ್ಡವರು ನೀವು, ಯೋಚನೆ ಮಾಡಿ.”

ಅವರು ಶಾಮಿಯಾನದ ಕಡೆ ಹೋದರು. ಸುಮಾ ಬಾಗಿಲಾಚೆಗೆ ಹೋಗಿಬಿಟ್ಟಳು.

ಸಣ್ಣಬೀರಪ್ಪನವರು ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ದೊಡ್ಡವರು ಯೋಚನೆ ಮಾಡುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಎಂಜಿನ್ನು ಪರೀಕ್ಷೆಯ ಕಟ್ಟೆಯ ಮೇಲೇ ಸಿಡಿದಿತ್ತು. ಮೇಲಿನವರು ಮೊದಲೇ ಸಾರಿದ್ದ ತಾರೀಖಿಗೆ ಮುಗಿಸಬೇಕೆಂದು ಒಂದು ಪರೀಕ್ಷೆಯನ್ನೇ ಕೈಬಿಟ್ಟದ್ದು ಕಾರಣ. ವರದಿಯಲ್ಲಿ ಬರೆದದ್ದು ಬೇರೆ: ರಾಜಪ್ಪನೆಂಬ ಟೆಕ್ನಿಷಿಯನ್ ನಟ್ಟನ್ನು ಸರಿಯಾಗಿ ಬಿಗಿದಿರಲಿಲ್ಲ. ಸಮಿತಿಯಲ್ಲಿ ಐದು ಜನ. ಮೂರನೆಯ ಸಹಿ ಸಣ್ಣಬೀರಪ್ಪನವರದು. ರಾಜಪ್ಪನೇ ಬಂದು, “ಸಾರ್, ನಾನು ಬಿಗಿದದ್ದನ್ನ ನೀವೇ ನಿಂತು ನೋಡಿದ್ರಿ,” ಎಂದಿದ್ದ. ಇವರು, “ಸುಮ್ಮನಿರು, ವಿಷಯ ದೊಡ್ಡದಾದರೆ ನಿನ್ನ ಕೆಲಸವೇ ಹೋಗುತ್ತದೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ,” ಎಂದಿದ್ದರು. ಅವನನ್ನು ಉಗ್ರಾಣಕ್ಕೆ ಹಾಕಿದರು. ಆರು ತಿಂಗಳಿಗೆ ಅವನೇ ಬಿಟ್ಟುಹೋದ. ಮರುವರ್ಷ ಇವರು ಯೋಜನೆಯ ಮುಖ್ಯಸ್ಥರಾದರು. ಆಕಾಶಕ್ಕೆ ಹೋದ ದಾರಿಯಲ್ಲಿ ಈ ಒಂದು ಮೆಟ್ಟಿಲು ಯಾವ ಆಮಂತ್ರಣದಲ್ಲೂ ಇರಲಿಲ್ಲ.

ನಿನ್ನ ಒಳ್ಳೆಯದಕ್ಕೇ. ಈಗ ಆ ಕುರ್ಚಿಯಲ್ಲಿ ಒರಗಿ ಕೂತವನ ಬಾಯಲ್ಲಿ ಬಂದದ್ದೂ ಅದೇ ಮಾತು. ಅವರಿಗೆ ತಮ್ಮ ಬಾಯಿಯೇ ಹಳಸಿದಂತಾಯಿತು. ನಲ್ಲಿಯ ಬಳಿ ಹೋಗಿ ಎರಡು ಸಲ ಮುಕ್ಕಳಿಸಿ ಉಗುಳಿದರು.

ಜಗಲಿಯಲ್ಲಿ ತಾಯಿ ಮಗಳ ಜಗಳ ನಡೆದಿತ್ತು. ಹಾಲಮ್ಮ ಮಗಳ ತೋಳು ಹಿಡಿದು ಜಗ್ಗುತ್ತಿದ್ದಳು. ಸಣ್ಣಬೀರಪ್ಪನವರನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡಳು, ಆದರೆ ದನಿ ತಗ್ಗಿಸಲಿಲ್ಲ.

“ಅಣ್ಣಾರ, ನೀವು ನಮ್ಮೋರು ಅಂತ ಕೇಳ್ತೀನಿ. ಉಣ್ಣೀದೇ ತಪ್ಪು ಅಂತ ಬರದ್ಬಿಡ್ರಿ. ನಾನು ಹೊಲಿದದ್ದೇ ಸರಿ ಇಲ್ಲ ಅನ್ರಿ, ನನ್ನ ಕೈಗೇನು ಬರೆ ಬೀಳ್ತೈತಾ? ಇಕೀ ಹೊರಗಾದದ್ದು ಪೇಪರಿನ್ಯಾಗ ಬಂದ್ರ ನಾ ಸಂತ್ಯಾಗ ಹೆಂಗ ತಲಿ ಎತ್ತಲಿ?”

“ಆದರೆ ಅದು ಸುಳ್ಳಮ್ಮ. ಇಡೀ ಪೆಟ್ಟಿಗೇಲಿ ಸರಿಯಾಗಿ ಕೆಲಸ ಮಾಡಿದ್ದು ನಿಮ್ಮ ಕಂಬಳಿ ಒಂದೇ.”

“ಸುಳ್ಳಾದ್ರ ಆಗ್ಲಿ! ನೀವು ಖರೇ ಬರದು ಕಾರ್ ಹತ್ತಿ ಹೋಗ್ತೀರಿ. ನಾವು ಇಲ್ಲೇ ಇರೋರು. ಇವತ್ತು ಹಾಸ್ಟೆಲ್ ಬಿಡ್ಸಿದ್ರ ದಿನಾ ಅಂಬ್ಲಿಗೊಳದಿಂದ ಎರಡು ಬಸ್ ಹತ್ತಿ ಬರ್ತಾಳೇನು ಪರೀಕ್ಷೆಗೆ?”

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಣ್ಣಬೀರಪ್ಪನವರು ಬಾಯಿ ತೆರೆಯುವ ಮುಂಚೆ ಸುಮಾ ತೋಳು ಬಿಡಿಸಿಕೊಂಡಳು.

“ಯವ್ವ, ಇನ್ನ ಯಾರಿಗೆ ಮುಚ್ಚಿಡ್ತಿ? ವೀರಮ್ಮ ಬರದಾಳ. ಅಧ್ಯಕ್ಷರು ಓದ್ಯಾರ. ಪುರೋಹಿತರಿಗೆ ಹೇಳ್ಯಾರ. ಗಂಜಳ ತರಾಕ ಹೋದ ಡ್ರೈವರ್ ಲೋಕೇಶಗೂ ಗೊತ್ತೈತಿ, ಅವತ್ತಿಂದ ನನ್ನ ನೋಡಿ ಕಿಸಿತಾನ. ಗೊತ್ತಿಲ್ದೋರು ಅಂದ್ರ ಆ ಸಮಿತಿಯವ್ರೊಬ್ರೇ. ಪೆಟ್ಟಿಗಿ ಮಾತು ನಿಲ್ಸಿದಾಗಿಂದ ಬರೀ ಇದನ್ನ ನೆನಸ್ತಿದ್ದೆ, ಯಾವ ತಂತಿ ತಪ್ಪು ಹಾಕಿದೆ ಅಂತ. ನಿದ್ದಿ ಬರಲಿಲ್ಲ. ನಾ ತಪ್ಪು ಹಾಕಿಲ್ಲ ಯವ್ವ! ಅಷ್ಟು ಬರೀಲಿ. ಅದಕ್ಕ ನನ್ನ ತಾರೀಖು ಬರೀಬೇಕಂದ್ರ ಅದನ್ನೂ ಬರೀಲಿ.”

“ಬಾಯಿ ಮುಚ್ಚು. ಮದವಿ ಆಗಾಕಿ ನೀನು.”

“ಆಗಾಕಿ, ಆದ್ರ ಇವರ ಮನ್ಯಾಗಲ್ಲ.”

ಹಾಲಮ್ಮ ಹಣೆ ಚಚ್ಚಿಕೊಂಡಳು. ಸಣ್ಣಬೀರಪ್ಪನವರು ಹುಡುಗಿಯನ್ನು ಕೇಳಿದರು: “ಹಾಸ್ಟೆಲ್ ಬಿಡಿಸ್ತಾರೆ. ಅದು ಖಂಡಿತ. ಗೊತ್ತಲ್ಲ?”

“ಗೊತ್ರಿ. ಆನವಟ್ಟಿಯಾಗ ಮಾಳಮ್ಮ ಅಂತ ನಮ್ಮ ಕ್ಲಾಸಿನಾಕಿ ಅದಾಳ. ಮನ್ಯಾಗ ಜಾಗ ಐತಿ ಅಂದಾಳ. ಅವರ ಮನ್ಯಾಗ ತಾರೀಖಿನ ಬುಕ್ಕಿಲ್ರಿ.”

ಅವರು ಲ್ಯಾಬಿಗೆ ಮರಳಿ ಬಿಳಿ ಹಾಳೆಯ ಮೇಲೆ ಬರೆಯತೊಡಗಿದರು. ಸುಮಾ ಪಕ್ಕ ನಿಂತು ಅಳತೆಗಳನ್ನು ಒಂದೊಂದಾಗಿ ಹೇಳಿದಳು. ಬರೆದು ಮುಗಿದ ಮೇಲೆ ಮಾರ್ಗದರ್ಶಕರ ಸಹಿಗೆ ಜಾಗ ಬಿಟ್ಟು ಶ್ರೀರಂಜಿನಿಯ ಮುಂದೆ ಹಾಳೆ ಹಿಡಿದರು. ಆಕೆ ಇಷ್ಟು ಹೊತ್ತೂ ಮೂಲೆಯ ಸ್ಟೂಲಿನ ಮೇಲೆ ಕೂತೇ ಇದ್ದಳು.

“ಮುಚ್ಚಳ ತೆಗೆದಾಗ ನೀವು ಅಲ್ಲೇ ಇದ್ರಿ. ಗಂಜಳದಲ್ಲಿ ಉಪ್ಪಿರ್ತದೆ, ಉಪ್ಪು ತಾಮ್ರಕ್ಕೆ ಏನು ಮಾಡ್ತದೆ ಅಂತ ಪಾಠ ಮಾಡೋರು ನೀವು.”

“ನಾನು ಹೇಳಿದ್ದೆ ಸಾರ್, ಮುಚ್ಚಳ ಬೇಡ ಅಂತ.”

“ಅದನ್ನೇ ಬರೆದು ಸಹಿ ಹಾಕಿ.”

ಆಕೆ ಹಾಳೆಯನ್ನು ಪೂರ್ತಿ ಓದಿದಳು. ತಾರೀಖಿನ ಸಾಲಿನ ಮೇಲೆ ಬೆರಳು ನಿಂತಿತು. “ನಾನೂ ಮೂರು ದಿನ ಹಿತ್ತಲ ಕಡೆ ಕೂರೋಳೇ ಸಾರ್. ಆ ಮೂರು ದಿನ ಕಾಲೇಜಿಗೂ ರಜೆ ಹಾಕಿಸ್ತಾರೆ, ತಲೆನೋವು ಅಂತ ಬರೆದು,” ಎಂದಳು. ಹಾಳೆಯನ್ನು ಸುಮಾಳ ಕೈಗೆ ಕೊಟ್ಟಳು, ಸಣ್ಣಬೀರಪ್ಪನವರ ಕೈಗಲ್ಲ. “ನನ್ನನ್ನ ಇದರಲ್ಲಿ ಎಳೀಬೇಡಿ. ನಾನು ಆ ಮನೇಗೇ ಹೋಗಬೇಕು.”

ಮಾರ್ಗದರ್ಶಕರ ಸಹಿಯ ಜಾಗ ಖಾಲಿಯೇ ಉಳಿಯಿತು. ಸಣ್ಣಬೀರಪ್ಪನವರು ಸಹಿ ಹಾಕಿದರು. ಅದರ ಮೇಲುಗಡೆ, ಪೆಟ್ಟಿಗೆ ಕಟ್ಟಿದವರು ಎಂಬಲ್ಲಿ, ಸುಮಾ ಹಾಕಿದಳು. ಫೋಟೋ ತೆಗೆದು ಸಮಿತಿಯ ಉಳಿದವರಿಗೆ ಅಲ್ಲಿಂದಲೇ ಕಳಿಸಿದರು. ಇಷ್ಟಕ್ಕೆ ಮುಗಿಯಬಹುದಿತ್ತು. ಕಾರು ಅಂಗಳದಲ್ಲೇ ನಿಂತಿತ್ತು. ನೀವು ಕಾರ್ ಹತ್ತಿ ಹೋಗ್ತೀರಿ ಎಂದ ಹಾಲಮ್ಮ ಜಗಲಿಯ ಕಂಬಕ್ಕೊರಗಿ ಅವರನ್ನೇ ನೋಡುತ್ತಿದ್ದಳು. ಅವರು ಶಾಮಿಯಾನದ ಕಡೆ ನಡೆದರು.

ಶಾಲು ಬಂತು. ಹಾರ ಬಂತು. ತಲೆಗೆ ಪೇಟ ಬಂತು. ನಿರೂಪಕ ಮಹಾಶಯ ಕುರಿಯಿಂದ ಶುರುಮಾಡಿ ಚಂದ್ರನವರೆಗೂ ಹೋಗಿ ಬಂದ. ಶ್ರೀಕೃಷ್ಣಯ್ಯನವರು ಪಕ್ಕಕ್ಕೆ ವಾಲಿ, “ಆಯ್ತಲ್ಲ ಸಾರ್ ಸಹಿ?” ಎಂದರು. “ಆಯ್ತು,” ಎಂದರು ಸಣ್ಣಬೀರಪ್ಪ. ಮುಂದಿನ ಮೂರು ಸಾಲುಗಳಲ್ಲಿ ಟ್ರಸ್ಟಿನವರು, ಅವರ ಮನೆಯವರು, ಪೇಪರಿನವರು. ಹಾಸ್ಟೆಲಿನ ಹುಡುಗಿಯರನ್ನು ಕೊನೆಯಲ್ಲಿ ಕೂರಿಸಿದ್ದರು. ವಾರ್ಡನ್ ವೀರಮ್ಮ ಅವರ ಪಕ್ಕ ಕಾವಲಿಗೆಂಬಂತೆ ನಿಂತಿದ್ದಳು.

ಮೈಕು ಕೈಗೆ ಬಂದಾಗ ಅವರು ಕುರಿಯ ಮಾತು ಎತ್ತಲಿಲ್ಲ. ಜೇಬಿನಿಂದ ಹಾಳೆ ತೆಗೆದರು.

“ಪೆಟ್ಟಿಗೆ ಕಟ್ಟಿದವರು ಕುಮಾರಿ ಸುಮಾ. ಹೊದಿಕೆ ಹೊಲಿದವರು ಶ್ರೀಮತಿ ಹಾಲಮ್ಮ. ಎರಡರಲ್ಲೂ ದೋಷವಿಲ್ಲ. ಮೂವತ್ತಾರನೇ ನಿಮಿಷಕ್ಕೆ ಪೆಟ್ಟಿಗೆ ನಿಂತದ್ದಕ್ಕೆ ಕಾರಣ, ಕಟ್ಟಿದ ಹುಡುಗಿ ಮುಟ್ಟಾಗಿದ್ದಳೆಂದು ಟ್ರಸ್ಟಿನ ಅಧ್ಯಕ್ಷರು ಮುಚ್ಚಳ ತೆಗೆಸಿ ಒಳಗೆ ಹಾಕಿಸಿದ ಹಸುವಿನ ಗಂಜಳ…”

ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ‘ಅಯ್ಯೋ ರಾಮ’ ಎಂದು ಕಿವಿ ಮುಚ್ಚಿಕೊಂಡಳು. ಶ್ರೀಕೃಷ್ಣಯ್ಯನವರ ಕೈ ಮೇಲೆದ್ದು ಗಾಳಿಯಲ್ಲಿ ಒಮ್ಮೆ ಆಡಿತು. ಮೈಕು ಕಟ್ಟಾಯಿತು.

ಸಣ್ಣಬೀರಪ್ಪನವರು ನಿಲ್ಲಿಸಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲೆಸೆದು ಓದುತ್ತಲೇ ಹೋದರು. ಅರವತ್ತೇಳರ ಗಂಟಲು, ಮೈಕಿಲ್ಲದೆ ಮೂರು ಸಾಲು ದಾಟುತ್ತಿರಲಿಲ್ಲ. ಅಂದರೆ ಕೇಳಬೇಕಾದವರಿಗೆ ಕೇಳುತ್ತಲೇ ಇರಲಿಲ್ಲ. ಬೇಡವಾದವರಷ್ಟೇ ಕೇಳಿ ಮುಖ ಸಿಂಡರಿಸುತ್ತಿದ್ದರು. “ಸಾಕು ಕೂತ್ಕೊಳ್ಳಿ ಸಾರ್, ಹೆಣ್ಮಕ್ಕಳಿದಾರೆ ಸಭೇಲಿ, ಅಸಹ್ಯ!” ಎಂದು ಕಾರ್ಯದರ್ಶಿ ಮಹೇಶ್ವರಪ್ಪನವರು ಎದ್ದು ನಿಂತು ಗದರಿದರು. ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಹಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅದನ್ನು ಕಂಡು ಅವರ ದನಿ ತಡವರಿಸಿತು. ಆಕೆಗೆ ಇದನ್ನು ಮಾಡುವ ಹಕ್ಕು ತಮಗೆ ಯಾರು ಕೊಟ್ಟರು?

ಆಗ ಶಾಮಿಯಾನದ ಕೊನೆಯಲ್ಲಿ, ವೀರಮ್ಮನ ಪಕ್ಕದಲ್ಲೇ, ಸುಮಾ ಕುರ್ಚಿಯ ಮೇಲೆ ಹತ್ತಿ ನಿಂತಳು.

“ಸಾರ್, ಹಿಂದ ಕೇಳಿಸವಲ್ದು!” ಎಂದು ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು. “ಜೋರಾಗಿ ಓದ್ರಿ!”

ಅವರು ಪೇಟ ತೆಗೆದಿಟ್ಟು, ವೇದಿಕೆ ಇಳಿದು, ಸಾಲುಗಳ ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದರು. ಹುಡುಗಿಯರ ಎದುರಿಗೆ ನಿಂತು, ಮೊದಲಿನಿಂದ ಓದಿದರು.